ಮ್ಯೂಸಿಯಂನ ದೈತ್ಯ ಪರದೆ: ಪೋಸ್ಟರ್ ಆಮೇಲೆ ನೋಡಿ, ಮೊದಲು ಪರದೆ ವಿಚಾರಿಸಿ

ವಿಜ್ಞಾನ ಮ್ಯೂಸಿಯಂನ ಕೌಂಟರಿನಲ್ಲಿ ಪ್ರವೇಶದ ಟಿಕೆಟ್ ಹರಿದು ಕೊಟ್ಟ ಕೂಡಲೇ ಇನ್ನೊಂದು ಪ್ರಶ್ನೆ ಬರುತ್ತದೆ: ಸಿನಿಮಾಗೂ ಬೇಕಾ? ತಿಮಿಂಗಿಲ, ಬಾಹ್ಯಾಕಾಶ, ಹಿಮಾಲಯ, ಡೈನೋಸಾರ್, ಹೀಗೆ ನಾಲ್ಕು ಪೋಸ್ಟರುಗಳು ಪಕ್ಕದಲ್ಲೇ ತೂಗುತ್ತಿರುತ್ತವೆ. ಒಂದೊಂದೂ ನಲವತ್ತು, ನಲವತ್ತೈದು ನಿಮಿಷದ ಚಿತ್ರ. ಮನೆಮಂದಿಗೆಲ್ಲ ತೆಗೆದರೆ ಒಂದು ಊಟದ ಖರ್ಚು. ಮಕ್ಕಳು ಪೋಸ್ಟರ್ ನೋಡಿ ಆರಿಸುತ್ತಾರೆ, ದೊಡ್ಡವರು ಗಡಿಯಾರ ನೋಡಿ ಆರಿಸುತ್ತಾರೆ. ಹೊರಗೆ ಬಂದಮೇಲೆ ಅರ್ಧ ಜನ "ಅಬ್ಬಾ" ಅಂದರೆ, ಇನ್ನರ್ಧ ಜನ "ಟೀವಿಯಲ್ಲೇ ನೋಡಬಹುದಿತ್ತು" ಅನ್ನುತ್ತಾರೆ. ಇಬ್ಬರು ಹೇಳುವುದೂ ಸರಿ. ಇಬ್ಬರೂ ಕೂತಿದ್ದ ಕುರ್ಚಿ ಬೇರೆ, ಕೆಲವೊಮ್ಮೆ ಪ್ರೊಜೆಕ್ಟರೂ ಬೇರೆ.

ಈ ಬಗೆಯ ಚಿತ್ರಗಳಿಗೆ ಕೊಟ್ಟ ದುಡ್ಡು ವಸೂಲಾಗುವುದು ಮೂರು ಸಂಗತಿಗಳ ಮೇಲೆ ನಿಂತಿದೆ. ಪರದೆಯ ಅಳತೆ ಮತ್ತು ಆಕಾರ, ಅದರ ಮೇಲೆ ಬೆಳಕು ಚೆಲ್ಲುವ ಯಂತ್ರ, ಮತ್ತು ಚಿತ್ರವನ್ನು ಆ ಪರದೆಗೆಂದೇ ತೆಗೆದಿದ್ದಾರೋ ಇಲ್ಲವೋ ಎಂಬುದು. ಸಿಂಹವೋ ಶನಿಗ್ರಹವೋ ಎಂಬುದು ನಾಲ್ಕನೆಯ ಮಾತು.

ಅಳತೆಯಿಂದ ಶುರು ಮಾಡೋಣ. ಈ ಚಿತ್ರಮಂದಿರಗಳವರೂ ಚಿತ್ರ ನಿರ್ಮಾಪಕರೂ ಸೇರಿ ಮಾಡಿಕೊಂಡಿರುವ ಜೈಂಟ್ ಸ್ಕ್ರೀನ್ ಸಿನಿಮಾ ಅಸೋಸಿಯೇಷನ್‌ನ ಲೆಕ್ಕದಲ್ಲಿ ಚಪ್ಪಟೆ ಪರದೆಯಾದರೆ ಸುಮಾರು 21 ಮೀಟರ್ ಅಗಲ, ಗುಮ್ಮಟವಾದರೆ ಸುಮಾರು 18 ಮೀಟರ್ ವ್ಯಾಸ ಇದ್ದರೆ ಮಾತ್ರ ಅದು ದೈತ್ಯ ಪರದೆ. ಅಗಲ ಒಂದೇ ಇದ್ದರೂ ಎತ್ತರದಲ್ಲಿ ಮೋಸವಾಗಬಹುದು. ಈ ಬಗೆಯ ಪರದೆಗಳಿಗೆ ಹೆಸರಾದ ಕೆನಡಾದ ಕಂಪನಿ ಐಮ್ಯಾಕ್ಸ್‌ನ ಹಳೆಯ ಪರದೆಯ ಅಗಲ ಎತ್ತರಗಳ ಪ್ರಮಾಣ 1.43ಕ್ಕೆ 1. ಈಗ ಮಾಲ್‌ಗಳಲ್ಲಿ ಅದೇ ಹೆಸರಿನ ಬೋರ್ಡು ಹೊತ್ತ ಬಹುಪಾಲು ಪರದೆಗಳದ್ದು 1.90ಕ್ಕೆ 1. 21 ಮೀಟರ್ ಅಗಲಕ್ಕೆ ಮೊದಲನೆಯದು ಹತ್ತಿರ ಹತ್ತಿರ 15 ಮೀಟರ್ ಎತ್ತರ ಬರುತ್ತದೆ, ಎರಡನೆಯದು 11 ಮೀಟರ್. ನಡುವೆ ಒಂದು ಮಹಡಿಯಷ್ಟು ಚಿತ್ರ ಮಾಯ. ಜಲಪಾತ, ಮುಗಿಲೆತ್ತರದ ಸೆಕೋಯಾ ಮರ, ರಾಕೆಟ್ ಉಡಾವಣೆಗಳಲ್ಲಿ ಬೆಲೆಬಾಳುವುದು ಆ ಮಾಯವಾದ ಮಹಡಿಯೇ. ಹಾಗಾಗಿ ಕೌಂಟರಿನಲ್ಲಿ ಐಮ್ಯಾಕ್ಸಾ ಎಂದು ಕೇಳಿ ಪ್ರಯೋಜನವಿಲ್ಲ. ಪರದೆ ಎಷ್ಟು ಎತ್ತರ, ಪ್ರೊಜೆಕ್ಷನ್ ಲೇಸರೋ ಅಲ್ಲವೋ ಎಂದು ಕೇಳಿ. ಒಳ್ಳೆಯ ಮ್ಯೂಸಿಯಂಗಳಲ್ಲಿ ಬಾಗಿಲ ಬಳಿ ನಿಂತ ಹುಡುಗನಿಗೂ ಉತ್ತರ ಗೊತ್ತಿರುತ್ತದೆ, ಹೇಳುವಾಗ ಸ್ವಲ್ಪ ಜಂಬವೂ ಇರುತ್ತದೆ.

ಮಾಲ್‌ನ ಐಮ್ಯಾಕ್ಸ್ ಕೆಟ್ಟದ್ದೆಂದಲ್ಲ. ಅದನ್ನು ಕಟ್ಟಿರುವುದು ಕಥಾಚಿತ್ರಗಳಿಗೆ. ಪ್ರಕೃತಿ ಚಿತ್ರಗಳು ಅಲ್ಲಿ ಅಪರೂಪಕ್ಕೆ ಬರುತ್ತವೆ, ಬಂದರೂ ಬೆಳಗಿನ ಒಂದು ಆಟಕ್ಕೆ.

ಫಿಲಂ ಕಾಲದ ಐಮ್ಯಾಕ್ಸ್ ಯಂತ್ರವನ್ನು ತಿಳಿದುಕೊಂಡರೆ ಈ ಚಿತ್ರಗಳು ಯಾಕೆ ಹೀಗಿವೆ ಎಂಬುದು ಅರ್ಥವಾಗುತ್ತದೆ. 70 ಮಿ.ಮೀ. ಫಿಲಂ ಪಟ್ಟಿ ಮೇಲಿಂದ ಕೆಳಕ್ಕೆ ಓಡುವ ಬದಲು ಅಡ್ಡಲಾಗಿ ಓಡುತ್ತದೆ, ಒಂದೊಂದು ಚೌಕಟ್ಟಿಗೂ (ಫ್ರೇಮಿಗೂ) ಅಂಚಿನಲ್ಲಿ 15 ತೂತು. ಮಾಮೂಲಿ 70 ಮಿ.ಮೀ. ಚಿತ್ರದಲ್ಲಿ ಇರುವುದು ಐದೇ ತೂತು, ಅಂದರೆ ಐಮ್ಯಾಕ್ಸ್ ಚೌಕಟ್ಟಿನ ವಿಸ್ತೀರ್ಣ ಅದರ ಮೂರು ಪಟ್ಟಿಗೂ ಹೆಚ್ಚು. ಸೆಕೆಂಡಿಗೆ 24 ಚೌಕಟ್ಟಿನಂತೆ ನಿಮಿಷಕ್ಕೆ ಸುಮಾರು 103 ಮೀಟರ್ ಫಿಲಂ ಖರ್ಚು, ನಲವತ್ತು ನಿಮಿಷಕ್ಕೆ ನಾಲ್ಕು ಕಿಲೋಮೀಟರಿಗೂ ಮೇಲೆ. ಇಷ್ಟು ದೊಡ್ಡ ಚೌಕಟ್ಟನ್ನು ಹಲ್ಲುಚಕ್ರದಿಂದ ಜಗ್ಗಿದರೆ ಫಿಲಂ ಹರಿಯುತ್ತದೆ. ಆಸ್ಟ್ರೇಲಿಯಾದ ರಾನ್ ಜೋನ್ಸ್ ಕಂಡುಹಿಡಿದಿದ್ದ 'ರೋಲಿಂಗ್ ಲೂಪ್' ಎಂಬ ಉಪಾಯವನ್ನು ಕೆನಡಾದ ಐಮ್ಯಾಕ್ಸ್‌ನವರು ಕೊಂಡುಕೊಂಡಿದ್ದು ಇದಕ್ಕೇ. ಫಿಲಂ ಅಲೆಯಂತೆ ಉಬ್ಬಿ ಮುಂದೆ ಸಾಗುತ್ತದೆ, ಪಿನ್ನುಗಳ ಮೇಲೆ ಕೂರುತ್ತದೆ, ಗಾಳಿ ಎಳೆದುಕೊಂಡು ಅದನ್ನು ಗಾಜಿಗೆ ಚಪ್ಪಟೆಯಾಗಿ ಅಂಟಿಸುತ್ತಾರೆ. ಫಿಲಂನ ಹಿಂದೆ 15 ಕಿಲೋವ್ಯಾಟ್‌ನ ಕ್ಸೆನಾನ್ ದೀಪ, ಅದಕ್ಕೆ ನೀರಿನ ತಂಪು. ಫಿಲಂ ಮೇಲೆ ಧ್ವನಿಯ ಪಟ್ಟಿಗೆ ಜಾಗವೇ ಇಲ್ಲ, ಧ್ವನಿ ಬೇರೆ ಯಂತ್ರದಿಂದ ತಾಳ ಹಾಕಿಕೊಂಡು ಬರುತ್ತದೆ.

ಕ್ಯಾಮರಾ ಕಡೆಯ ಕಷ್ಟ ಇನ್ನೂ ಹೆಚ್ಚು. 1996ರ ಮೇ ತಿಂಗಳಲ್ಲಿ ಎವರೆಸ್ಟ್ ತುದಿಗೆ ಐಮ್ಯಾಕ್ಸ್ ಕ್ಯಾಮರಾ ಹೊತ್ತುಕೊಂಡು ಹೋದ ತಂಡದ ಬಳಿ ಇದ್ದ ಒಂದು ರೀಲು ಓಡುತ್ತಿದ್ದುದು 90 ಸೆಕೆಂಡು ಮಾತ್ರ. 2009ರಲ್ಲಿ ಹಬಲ್ ದೂರದರ್ಶಕದ ರಿಪೇರಿಗೆ ಹೋದ ಬಾಹ್ಯಾಕಾಶ ಶಟಲ್‌ನಲ್ಲಿ 3ಡಿ ಕ್ಯಾಮರಾ ಇತ್ತು. ಅದರಲ್ಲಿ ತುಂಬಿದ್ದ 1.6 ಕಿಲೋಮೀಟರ್ ಫಿಲಂ ಎಂಟೇ ಎಂಟು ನಿಮಿಷಕ್ಕೆ ಮುಗಿದುಹೋಗುತ್ತಿತ್ತು, ಏಕೆಂದರೆ ಎಡಗಣ್ಣಿಗೊಂದು ಬಲಗಣ್ಣಿಗೊಂದು ಚೌಕಟ್ಟು ಬೇಕು. ರೀಲು ಬದಲಿಸಲು ಯಾರೂ ಹೊರಗೆ ಹೋಗುವ ಹಾಗಿರಲಿಲ್ಲ. ಮರುವರ್ಷ ತೆರೆಗೆ ಬಂದ ಆ ಚಿತ್ರದ ಅವಧಿ ಮುಕ್ಕಾಲು ಗಂಟೆಯ ಹತ್ತಿರ. ಗಗನಯಾತ್ರಿಗಳು ದುರಸ್ತಿ ಮಾಡುವ ದೃಶ್ಯಗಳ ಆಚೀಚೆ ಉಳಿದ ಹೊತ್ತನ್ನು ತುಂಬಿರುವುದು ದೂರದರ್ಶಕದ ಚಿತ್ರಗಳಿಂದ ಕಂಪ್ಯೂಟರಿನಲ್ಲಿ ಕಟ್ಟಿದ ನೆಬ್ಯುಲಾ (ಅನಿಲ ಧೂಳಿನ ಮೋಡ) ಪ್ರವಾಸ ಮತ್ತು ಹಳೆಯ ಯಾತ್ರೆಗಳ ದೃಶ್ಯ.

ಫಿಲಂ ಇಷ್ಟು ದುಬಾರಿಯಾದ್ದರಿಂದ ಹಳಬರು ಒಂದು ದೃಶ್ಯವನ್ನು ಯೋಚಿಸಿ ಇಡುತ್ತಿದ್ದರು, ಇಟ್ಟಮೇಲೆ ಬೇಗ ಕತ್ತರಿಸುತ್ತಿರಲಿಲ್ಲ. ದೈತ್ಯ ಪರದೆಗೆ ಬೇಕಾದ್ದೂ ಅದೇ. ಇಷ್ಟು ದೊಡ್ಡ ಚಿತ್ರದಲ್ಲಿ ಕಣ್ಣು ಎಡದಿಂದ ಬಲಕ್ಕೆ ಅಲೆದು ಬರಲು ಹೊತ್ತು ಹಿಡಿಯುತ್ತದೆ. ಕಣ್ಣು ಇನ್ನೂ ಮೂಲೆಯಲ್ಲಿದ್ದಾಗ ದೃಶ್ಯ ಹಾರಿದರೆ ತಲೆ ಧಿಮ್ಮೆನ್ನುತ್ತದೆ. ಡಿಜಿಟಲ್ ಕ್ಯಾಮರಾ ಮತ್ತು ಡ್ರೋನ್ ಬಂದಮೇಲೆ ದೃಶ್ಯಗಳಿಗೆ ಬರವಿಲ್ಲ, ಸಂಯಮಕ್ಕೆ ಬರ. ಹೊಸ ಚಿತ್ರಗಳಲ್ಲಿ ಎರಡು ಮೂರು ಸೆಕೆಂಡಿಗೊಂದು ಕಟ್, ಪ್ರತಿ ಬೆಟ್ಟಕ್ಕೂ ಡ್ರೋನ್ ಪ್ರದಕ್ಷಿಣೆ. ಟ್ರೇಲರ್ ನೋಡಿ ಇದನ್ನು ತೀರ್ಮಾನಿಸಲಾಗದು, ಟ್ರೇಲರ್ ಯಾವಾಗಲೂ ಹರಿಬಿರಿ. ಮ್ಯೂಸಿಯಂ ಜಾಲತಾಣದಲ್ಲಿ ಚಿತ್ರದ ಒಂದು ತುಣುಕು ಸಿಕ್ಕರೆ ಅದರಲ್ಲಿ ಕಟ್‌ಗಳನ್ನು ಎಣಿಸಿ. ನಿಮಿಷಕ್ಕೆ ಎಂಟು ಹತ್ತು ಇದ್ದರೆ ಆ ನಿರ್ದೇಶಕನಿಗೆ ಪರದೆ ಗೊತ್ತು.

ಇನ್ನೊಂದು ಗುರುತು ಚೌಕಟ್ಟಿನ ಜೋಡಣೆಯಲ್ಲಿದೆ. ಹದಿನೈದು ಮೀಟರ್ ಎತ್ತರದ ಪರದೆಯ ಮುಂದೆ ಕೂತವನ ದೃಷ್ಟಿ ನೇರ ಬೀಳುವುದು ಕೆಳಗಿನ ಮೂರನೆಯ ಒಂದು ಭಾಗಕ್ಕೆ. ಅದಕ್ಕೇ ದೈತ್ಯ ಪರದೆಗೆಂದೇ ತೆಗೆದ ಚಿತ್ರದಲ್ಲಿ ಮನುಷ್ಯನಾಗಲಿ ಪ್ರಾಣಿಯಾಗಲಿ ನಡುವಿಗಿಂತ ಕೆಳಗೆ ಇರುತ್ತದೆ, ತಲೆಯ ಮೇಲೆ ಬೇಕಾದಷ್ಟು ಆಕಾಶ. ಅದೇ ಚಿತ್ರವನ್ನು ಟೀವಿಯಲ್ಲಿ ನೋಡಿದರೆ ಕ್ಯಾಮರಾದವನಿಗೆ ಕೆಲಸ ಬರುವುದಿಲ್ಲ ಅನ್ನಿಸಬಹುದು. ಟೀವಿ ಸರಣಿಯನ್ನೇ ಕತ್ತರಿಸಿ ಜೋಡಿಸಿ ದೊಡ್ಡ ಪರದೆಗೆ ಹಿಗ್ಗಿಸಿದ ಚಿತ್ರದಲ್ಲಿ ಚಿರತೆಯ ಮುಖ ಪರದೆಯ ನಟ್ಟನಡುವೆ, ಅಂದರೆ ನಿಮ್ಮ ನೆತ್ತಿಯ ಮೇಲೆ ನಿಂತಿರುತ್ತದೆ. ಕುತ್ತಿಗೆ ನೋಯುವುದು ಇದಕ್ಕೆ, ಕುರ್ಚಿಯನ್ನು ಬೈದು ಉಪಯೋಗವಿಲ್ಲ.

1976ರ ಜುಲೈ 1ರಂದು ವಾಷಿಂಗ್ಟನ್‌ನ ವಾಯು ಮತ್ತು ಬಾಹ್ಯಾಕಾಶ ಮ್ಯೂಸಿಯಂ ತೆರೆದಾಗ ಅದರೊಂದಿಗೇ ಶುರುವಾದ 'ಟು ಫ್ಲೈ' ಈ ಲೆಕ್ಕಾಚಾರಕ್ಕೆ ಇವತ್ತಿಗೂ ಪಾಠ. ಇಪ್ಪತ್ತೇಳು ನಿಮಿಷದ ಚಿತ್ರ. ಮೊದಲಿಗೆ ಪರದೆಯ ನಡುವೆ ಚಿಕ್ಕ ಚೌಕದಲ್ಲಿ ಹಳೆಯ ಕಾಲದ ಬಲೂನೊಂದು ಹೊರಡುವ ಸಿದ್ಧತೆ ನಡೆಯುತ್ತದೆ. ಬಲೂನು ಮೇಲೆದ್ದಾಗ ಚಿತ್ರ ಇಡೀ ಪರದೆಗೆ ಬಿಚ್ಚಿಕೊಳ್ಳುತ್ತದೆ. ಪರದೆ ಎಷ್ಟು ದೊಡ್ಡದು ಎಂದು ಬಾಯಲ್ಲಿ ಹೇಳದೆ ತೋರಿಸಿದ ರೀತಿ ಅದು. ದಶಕಗಳ ಕಾಲ ಓಡಿತು.

ಇನ್ನು ಗುಮ್ಮಟ. ಇದರ ಕಥೆಯೇ ಬೇರೆ. ಅಮೆರಿಕದ ಸ್ಯಾನ್ ಡಿಯಾಗೋದ ಬಲ್ಬೋವಾ ಪಾರ್ಕಿನಲ್ಲಿರುವ ಫ್ಲೀಟ್ ವಿಜ್ಞಾನ ಕೇಂದ್ರ 1973ರ ಮಾರ್ಚ್‌ನಲ್ಲಿ ಬಾಗಿಲು ತೆರೆದಾಗ ಜಗತ್ತಿನ ಮೊದಲ ಐಮ್ಯಾಕ್ಸ್ ಗುಮ್ಮಟ ಅದಾಗಿತ್ತು. ವ್ಯಾಸ 76 ಅಡಿ, ಅಂದರೆ 23 ಮೀಟರ್. ಗುಮ್ಮಟವನ್ನು ಬಟ್ಟಲು ಬೋರಲು ಹಾಕಿದ ಹಾಗೆ ನೆಟ್ಟಗೆ ಇಡದೆ ಪ್ರೇಕ್ಷಕರ ಕಡೆಗೆ 25 ಡಿಗ್ರಿ ವಾಲಿಸಿದ್ದಾರೆ. ಸಾಮಾನ್ಯ ತಾರಾಲಯದಲ್ಲಿ ಜನ ಸುತ್ತಲೂ ಕೂತು ನೆತ್ತಿ ನೋಡುತ್ತಾರೆ. ವಾಲಿದ ಗುಮ್ಮಟದಲ್ಲಿ ಎಲ್ಲರೂ ಒಂದೇ ದಿಕ್ಕಿಗೆ, ಕಡಿದಾದ ಮೆಟ್ಟಿಲ ಸಾಲುಗಳಲ್ಲಿ ಕೂರುತ್ತಾರೆ. ಚಿತ್ರ ಕಾಲಿನ ಕೆಳಗಿನವರೆಗೂ ಇಳಿಯುತ್ತದೆ. ನಡುವೆ ಕೂತವನಿಗೆ ಅಡ್ಡಕ್ಕೆ 180 ಡಿಗ್ರಿ ಚಿತ್ರ, ದಿಗಂತದಿಂದ ಮೇಲಕ್ಕೆ ನೆತ್ತಿ ದಾಟುವಷ್ಟು, ಕೆಳಕ್ಕೂ ಇಪ್ಪತ್ತು ಡಿಗ್ರಿಯ ಮೇಲೆ. ಚೌಕಟ್ಟಿನ ಅಂಚು ಕಣ್ಣಿಗೇ ಬೀಳುವುದಿಲ್ಲ. ಹೆಲಿಕಾಪ್ಟರ್ ಕಣಿವೆಗೆ ಧುಮುಕಿದರೆ ಹೊಟ್ಟೆಯೊಳಗೆ ಜೋಕಾಲಿ ಇಳಿದಂತಾಗುವುದು ಇದಕ್ಕೇ.

ಗುಮ್ಮಟದ ಪರದೆ ಬಟ್ಟೆಯದಲ್ಲ. ಸಣ್ಣ ಸಣ್ಣ ತೂತುಗಳಿರುವ ಅಲ್ಯುಮಿನಿಯಂ ತಗಡುಗಳನ್ನು ಚೌಕಟ್ಟಿನ ಮೇಲೆ ಜೋಡಿಸಿರುತ್ತಾರೆ. ಸ್ಪೀಕರುಗಳು ಹಿಂದೆ ಇರುವುದರಿಂದ ಧ್ವನಿ ಹಾಯಲು ತೂತು ಬೇಕು. ಕೆಲವು ಕಡೆ ಆಟಕ್ಕೆ ಮುಂಚೆ ಹಿಂದಿನ ದೀಪ ಹಾಕಿ ತೋರಿಸುತ್ತಾರೆ. ಪರದೆಯೇ ಕರಗಿಹೋಗಿ ಸರಳು, ಸ್ಪೀಕರು, ಏಣಿ ಎಲ್ಲ ಕಾಣುತ್ತವೆ. ಹಾಗೆ ತೋರಿಸುವ ಕಡೆ ಐದು ನಿಮಿಷ ಮೊದಲೇ ಒಳಗೆ ಹೋಗಿ. ಹಳೆಯ ಗುಮ್ಮಟಗಳಲ್ಲಿ ತಗಡುಗಳು ಒಂದರ ಮೇಲೊಂದು ಏರಿ ರಿವೆಟ್ ಹೊಡೆಸಿಕೊಂಡಿರುತ್ತವೆ. ಮೋಡ, ಹಿಮ, ತಿಳಿಯಾದ ಆಕಾಶ ಬಂದಾಗ ಆ ಕೂಡುಗೆರೆಗಳು ಜಾಲದಂತೆ ಎದ್ದು ಕಾಣುತ್ತವೆ. ಫ್ಲೀಟ್‌ನವರು 2012ರಲ್ಲಿ 'ನ್ಯಾನೋಸೀಮ್' ಎಂಬ ಹೊಸ ಬಗೆಯ ಗುಮ್ಮಟ ಹಾಕಿಸಿದರು. ಅದರಲ್ಲಿ ತಗಡುಗಳ ಅಂಚಿಗೆ ಅಂಚು ತಾಗುತ್ತದೆ, ಒಂದರ ಮೇಲೊಂದು ಏರುವುದಿಲ್ಲ. ಚಿತ್ರದಲ್ಲಿ ಬಿಳಿ ಹರಡಿಕೊಂಡ ಹೊತ್ತಲ್ಲೂ ಗೆರೆ ಹುಡುಕಬೇಕಾಗುತ್ತದೆ.

ಗುಮ್ಮಟಕ್ಕೆ ಹುಟ್ಟಿನಿಂದಲೇ ಬಂದ ಒಂದು ಕಾಯಿಲೆ ಇದೆ, ಅದಕ್ಕೆ ಪೂರ್ತಿ ಮದ್ದಿಲ್ಲ. ಪರದೆಯ ಎಡಗೋಡೆಗೆ ಬಿದ್ದ ಬೆಳಕು ಪುಟಿದು ಬಲಗೋಡೆಗೆ ಬೀಳುತ್ತದೆ. ಅರ್ಧ ಚಿತ್ರ ಹಿಮ, ಅರ್ಧ ಕಪ್ಪುಬಂಡೆ ಇದ್ದರೆ ಬಂಡೆಯ ಕಪ್ಪು ಬೂದಿಯಾಗುತ್ತದೆ. ಇದನ್ನು ತಗ್ಗಿಸಲು ಗುಮ್ಮಟಕ್ಕೆ ಅಚ್ಚ ಬಿಳಿ ಬಳಿಯದೆ ತಿಳಿ ಬೂದು ಬಣ್ಣ ಬಳಿಯುತ್ತಾರೆ. ಅದರಿಂದ ಪುಟಿಯುವ ಬೆಳಕು ಕಮ್ಮಿಯಾಗುತ್ತದೆ, ಜೊತೆಗೆ ಚಿತ್ರದ ಹೊಳಪೂ ಇಳಿಯುತ್ತದೆ. ಹಾಗಾಗಿ ಗುಮ್ಮಟಕ್ಕೆ ಒಪ್ಪುವುದು ಇಡೀ ಚೌಕಟ್ಟು ಒಂದೇ ಹದದ ಬೆಳಕಿರುವ ಚಿತ್ರ: ಸಮುದ್ರದೊಳಗೆ, ಕಾಡಿನ ಮೇಲ್ಛಾವಣಿ, ವಿಮಾನದಿಂದ ಕಂಡ ಮರುಭೂಮಿ, ಕಪ್ಪು ಆಕಾಶದಲ್ಲಿ ಚುಕ್ಕಿ. ಅಂಟಾರ್ಟಿಕಾದ ಚಿತ್ರ ಗುಮ್ಮಟದಲ್ಲೂ ಚಪ್ಪಟೆ ಪರದೆಯಲ್ಲೂ ನಡೆಯುತ್ತಿದ್ದರೆ ಕಣ್ಣು ಮುಚ್ಚಿ ಚಪ್ಪಟೆ ಪರದೆಗೆ ಹೋಗಿ. ಸಂದರ್ಶನ, ನಕ್ಷೆ, ಗ್ರಾಫ್ ತುಂಬಿದ ಚಿತ್ರವೂ ಗುಮ್ಮಟಕ್ಕೆ ಸಲ್ಲದು. ವಿಜ್ಞಾನಿಯ ಮೂಗು ಒಂದು ಕಡೆ, ಕಿವಿ ತಲೆಯ ಹಿಂದೆ ಇಳಿದಿರುತ್ತದೆ. ಅವರು ಹೇಳಿದ್ದು ಯಾರ ತಲೆಗೂ ಹೋಗುವುದಿಲ್ಲ.

ಗುಮ್ಮಟದಲ್ಲಿ ಸೀಟೇ ಅರ್ಧ ಟಿಕೆಟ್ಟು. ಮೀನಿನ ಕಣ್ಣಿನಂಥ ಲೆನ್ಸ್‌ನಿಂದ ಬರುವ ಚಿತ್ರ ನೆಟ್ಟಗೆ ಕಾಣುವುದು ನಡುವಿನ ಒಂದು ಸಣ್ಣ ಪ್ರದೇಶದಿಂದ ಮಾತ್ರ. ಫಿಲಂ ಕಾಲದಲ್ಲಿ ಸೀಟುಗಳ ಮಧ್ಯದಿಂದ ಪ್ರೊಜೆಕ್ಟರ್ ಲಿಫ್ಟಿನಲ್ಲಿ ಮೇಲೆ ಬರುತ್ತಿತ್ತು. ಆ ಪೆಟ್ಟಿಗೆಯ ಹಿಂದಿನ, ಸ್ವಲ್ಪ ಮೇಲಿನ ಎರಡು ಮೂರು ಸಾಲೇ ಚಿನ್ನದ ಜಾಗ. ಪೆಟ್ಟಿಗೆ ಇಲ್ಲದ ಡಿಜಿಟಲ್ ಗುಮ್ಮಟಗಳಲ್ಲೂ ಅದೇ ಜಾಗ: ಹಿಂದಿನಿಂದ ಮೂರನೆಯ ಒಂದು ಭಾಗ, ಅಡ್ಡಕ್ಕೆ ನಟ್ಟನಡು. ಪಕ್ಕದ ತುದಿಯಲ್ಲಿ ಕೂತರೆ ದಿಗಂತ ಬಿಲ್ಲಿನಂತೆ ಬಾಗಿ ಒಂದು ಕಡೆ ಇಳಿಯುತ್ತದೆ, ಸಮುದ್ರ ಚೆಲ್ಲಿಹೋಗುವ ಹಾಗೆ ಕಾಣುತ್ತದೆ. ಮುಂದಿನ ಸಾಲಿನಲ್ಲಿ ಹತ್ತಿರದ ಚಿತ್ರ ಹಿಗ್ಗಿ ಮಂಜಾಗುತ್ತದೆ. ಬಹಳ ಕಡೆ ಸೀಟಿಗೆ ನಂಬರ್ ಇರುವುದಿಲ್ಲ, ಮೊದಲು ಬಂದವರಿಗೆ ಮೊದಲು. ಶಾಲಾ ಮಕ್ಕಳ ಗುಂಪಿನ ಹಿಂದೆ ಸಾಲಿನಲ್ಲಿ ಸಿಕ್ಕಿಕೊಂಡರೆ ಆ ಆಟ ಬಿಟ್ಟು ಮುಂದಿನದಕ್ಕೆ ಹೋಗುವುದೇ ಜಾಣತನ.

ಡಿಜಿಟಲ್ ಬಂದಮೇಲೆ ಫಿಲಂನ ಗೀರು, ಧೂಳು, ಗೇಟಿನಲ್ಲಿ ಸಿಕ್ಕ ಕೂದಲು ಎಲ್ಲ ಹೋದವು. ಅದು ಲಾಭ. ನಷ್ಟ ಎಷ್ಟು ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು. 2008ರಿಂದ ಬಂದ ಮೊದಲ ಪೀಳಿಗೆಯ ಡಿಜಿಟಲ್ ಐಮ್ಯಾಕ್ಸ್‌ನಲ್ಲಿ ಎರಡು 2ಕೆ (ಅಡ್ಡಕ್ಕೆ 2,048 ಚುಕ್ಕಿಗಳ) ಪ್ರೊಜೆಕ್ಟರುಗಳು ಒಂದರ ಮೇಲೊಂದು ಚಿತ್ರ ಹಾಕುತ್ತವೆ. 21 ಮೀಟರ್ ಅಗಲವನ್ನು 2,048ರಿಂದ ಭಾಗಿಸಿ: ಒಂದೊಂದು ಚುಕ್ಕಿ ಒಂದು ಸೆಂಟಿಮೀಟರ್. ಒಳ್ಳೆಯ ಕಣ್ಣು ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗವನ್ನು ಬಿಡಿಸಿ ನೋಡಬಲ್ಲದು. ಈ ಚುಕ್ಕಿ ಕಣ್ಣಿಗೆ ಕಾಣದಷ್ಟು ಸಣ್ಣದಾಗಬೇಕಾದರೆ 35 ಮೀಟರ್ ದೂರ ಕೂರಬೇಕು, ಅಷ್ಟು ಉದ್ದದ ಥಿಯೇಟರೇ ಇರುವುದಿಲ್ಲ. 4ಕೆ (ಅಡ್ಡಕ್ಕೆ 4,096 ಚುಕ್ಕಿ) ಲೇಸರ್ ಆದರೆ ಚುಕ್ಕಿ ಅರ್ಧ ಸೆಂಟಿಮೀಟರ್, 18 ಮೀಟರ್ ದೂರ ಸಾಕು. ಅಂದರೆ 4ಕೆ ಇದ್ದರೂ ಮುಂದಿನ ಸಾಲುಗಳವರಿಗೆ ಎಲೆಯ ಅಂಚು ಮೆಟ್ಟಿಲು ಮೆಟ್ಟಿಲಾಗಿಯೇ ಕಾಣುತ್ತದೆ.

ಗುಮ್ಮಟದಲ್ಲಿ ಲೆಕ್ಕ ಇನ್ನೂ ಕಟು. 180 ಡಿಗ್ರಿಗೆ 4,096 ಚುಕ್ಕಿ ಹರಡಿದರೆ ಒಂದೊಂದೂ ಕಣ್ಣಿನ ಮಿತಿಗಿಂತ ಎರಡೂವರೆ ಪಟ್ಟು ದೊಡ್ಡದು. ನಡುವೆ ಕೂತವನಿಗೆ ಗುಮ್ಮಟ ಚಿಕ್ಕದೋ ದೊಡ್ಡದೋ ವ್ಯತ್ಯಾಸವಿಲ್ಲ, ಕೋನ ಒಂದೇ. ಅಡ್ಡಕ್ಕೆ ನಿಜವಾಗಿ 8ಕೆ ಇದ್ದರೆ ಮಿತಿಯ ಹತ್ತಿರ ಬರುತ್ತದೆ. ಆದ್ದರಿಂದ ಗುಮ್ಮಟ ಹುಡುಕುವಾಗ ವ್ಯಾಸಕ್ಕಿಂತ ಮೊದಲು ಎಷ್ಟು ಕೆ ಎಂದು ನೋಡಿ.

ಯಂತ್ರ ಸರಿಯಾಗಿ ಇಟ್ಟುಕೊಂಡಿದ್ದಾರೋ ಇಲ್ಲವೋ ಎಂಬುದು ಮೊದಲ ಎರಡು ನಿಮಿಷದಲ್ಲೇ ತಿಳಿಯುತ್ತದೆ. ಎರಡು ಪ್ರೊಜೆಕ್ಟರುಗಳ ವ್ಯವಸ್ಥೆಯಲ್ಲಿ ಟೈಟಲ್ ಅಕ್ಷರಗಳ ಅಂಚು ನೋಡಿ. ಜೋಡಿಗೆರೆ ಕಂಡರೆ ಎರಡೂ ಚಿತ್ರ ಒಂದರ ಮೇಲೊಂದು ಕೂತಿಲ್ಲ. ಹಲವು ಪ್ರೊಜೆಕ್ಟರುಗಳ ಗುಮ್ಮಟದಲ್ಲಿ ನಕ್ಷತ್ರಗಳ ಕಪ್ಪು ದೃಶ್ಯ ಬಂದಾಗ ಗಮನಿಸಿ. ಚಿತ್ರಗಳು ಕೂಡುವ ಕಡೆ ಬೂದು ಪಟ್ಟಿ ತೇಲಿದರೆ ಬ್ಲೆಂಡಿಂಗ್, ಅಂದರೆ ಚಿತ್ರಗಳ ಅಂಚು ಬೆಸೆಯುವ ಕೆಲಸ, ಕೆಟ್ಟಿದೆ. ಒಂದು ತುಂಡು ಆಕಾಶ ನೀಲಿ, ಪಕ್ಕದ್ದು ಹಸಿರು ಛಾಯೆ ಇದ್ದರೆ ಒಂದು ಯಂತ್ರದ ದೀಪ ಹಳತಾಗಿದೆ. ಕ್ಸೆನಾನ್ ದೀಪಗಳ ಬೆಳಕು ದಿನ ಕಳೆದಂತೆ ಇಳಿಯುತ್ತದೆ, ದೀಪ ದುಬಾರಿ, ಬದಲಿಸಲು ಹಿಂದೆಮುಂದೆ ನೋಡುತ್ತಾರೆ. ಲೇಸರಿನಲ್ಲಿ ಆ ಚಿಂತೆ ಕಮ್ಮಿ. ಅದರ ತೊಂದರೆ ಬೇರೆ, ಒಂದೇ ಬಣ್ಣದ ಆಕಾಶದಲ್ಲಿ ಮರಳು ಮಿನುಗಿದಂತೆ ಸಣ್ಣ ಮಿನುಗು. ಕೆಲವು ಕಡೆ ಪರದೆಯನ್ನೇ ಕಣ್ಣಿಗೆ ಕಾಣದಷ್ಟು ನಡುಗಿಸಿ ಅದನ್ನು ಅಳಿಸುತ್ತಾರೆ.

ಇನ್ನೊಂದು ದೂರು ಆಗಾಗ ಕೇಳಿಬರುತ್ತದೆ: ಹಕ್ಕಿ ಹಾರುವಾಗ ಚಿತ್ರ ಕುಪ್ಪಳಿಸುತ್ತದೆ. ಇದು ಯಂತ್ರದ ದೋಷವಲ್ಲ. 21 ಮೀಟರ್ ಪರದೆಯನ್ನು ಹಕ್ಕಿ ಹತ್ತು ಸೆಕೆಂಡಿನಲ್ಲಿ ದಾಟಿದರೆ, ಸೆಕೆಂಡಿಗೆ 24 ಚೌಕಟ್ಟಿನಲ್ಲಿ ಒಂದೊಂದು ಚೌಕಟ್ಟಿಗೂ ಸುಮಾರು 9 ಸೆಂಟಿಮೀಟರ್ ನೆಗೆಯುತ್ತದೆ. ಐದು ಸೆಕೆಂಡಿನಲ್ಲಿ ದಾಟಿದರೆ ಒಂದು ಗೇಣಿನ ಹತ್ತಿರ. ಮೊಬೈಲಿನಲ್ಲಿ ಅದೇ ನೆಗೆತ ಕೂದಲೆಳೆಯಷ್ಟು. ಸೆಕೆಂಡಿಗೆ 60 ಚೌಕಟ್ಟಿನ ಚಿತ್ರವಾದರೆ ಮೊದಲಿನ 9 ಸೆಂಟಿಮೀಟರ್ ಮೂರೂವರೆಗೆ ಇಳಿಯುತ್ತದೆ. ಜಾಣ ಕ್ಯಾಮರಾದವರು ಹಕ್ಕಿಯ ಜೊತೆಗೇ ಸಾಗುತ್ತಾರೆ, ಹಕ್ಕಿ ನಿಂತಲ್ಲೇ ನಿಂತು ಹಿನ್ನೆಲೆ ಮಂಜಾಗಿ ಓಡುತ್ತದೆ.

3ಡಿ ಬೇಕೋ ಬೇಡವೋ? ಸಮುದ್ರದೊಳಗಿನ ಚಿತ್ರಕ್ಕೆ, ಬಾಹ್ಯಾಕಾಶ ನಿಲ್ದಾಣದೊಳಗೆ ತೆಗೆದ ಚಿತ್ರಕ್ಕೆ ಬೇಕು. ಹತ್ತಿರದ ವಸ್ತುಗಳು ತೇಲುವಾಗ ಅದರ ಬೆಲೆ ಗೊತ್ತಾಗುತ್ತದೆ. ಬೆಟ್ಟ, ಬಯಲು, ದೂರದ ದೃಶ್ಯಗಳಿಗೆ ದಂಡ. ಎರಡು ಕಣ್ಣಿನ ನಡುವಿನ ಅಂತರ ಆರು ಏಳು ಸೆಂಟಿಮೀಟರ್ ಇರುವಾಗ ಮೈಲಿ ದೂರದ ಬೆಟ್ಟ ನಿಜ ಜೀವನದಲ್ಲೂ ಚಪ್ಪಟೆಯೇ. ಕನ್ನಡಕ ಯಾವ ಬಗೆಯದೆಂದು ನೋಡಿಕೊಳ್ಳಿ. ಅಡ್ಡ ಮತ್ತು ನೇರ ಧ್ರುವೀಕರಣದ (ಒಂದು ಕಣ್ಣಿಗೆ ಅಡ್ಡ ಕಂಪಿಸುವ ಬೆಳಕು, ಇನ್ನೊಂದಕ್ಕೆ ನೇರ ಕಂಪಿಸುವ ಬೆಳಕು ಮಾತ್ರ ಬಿಡುವ) ಹಗುರ ಕನ್ನಡಕವಾದರೆ ತಲೆ ವಾಲಿಸುವಂತಿಲ್ಲ. ಪಕ್ಕದವರ ಭುಜಕ್ಕೆ ಒರಗಿದ ಕೂಡಲೇ ಎಲ್ಲ ಎರಡೆರಡಾಗಿ ಕಾಣುತ್ತದೆ, ಮಕ್ಕಳು ಕಣ್ಣುಜ್ಜಿಕೊಳ್ಳುವುದು ಇದಕ್ಕೇ. ಬ್ಯಾಟರಿ ಇರುವ ಭಾರದ ಕನ್ನಡಕದಲ್ಲಿ ತಲೆ ವಾಲಿಸಿದರೆ ಅಷ್ಟು ತೊಂದರೆಯಿಲ್ಲ, ಆದರೆ ಬ್ಯಾಟರಿ ಸಾಯಬಹುದು. ಆಟ ಶುರುವಾಗುವ ಮುನ್ನವೇ ಎಡಗಣ್ಣು ಮುಚ್ಚಿ ಒಮ್ಮೆ, ಬಲಗಣ್ಣು ಮುಚ್ಚಿ ಒಮ್ಮೆ ನೋಡಿ. ಒಂದು ಕಡೆ ಮಿಣುಕಿದರೆ ಕೈ ಎತ್ತಿ ಬದಲಿಸಿಕೊಳ್ಳಿ. ಕತ್ತಲಾದ ಮೇಲೆ ಬದಲಿಸಿಕೊಳ್ಳುವುದು ಕಷ್ಟ.

ಚಿತ್ರದ ಒಳಗಿನ ಸರಕಿನ ಬಗ್ಗೆ ಈಗ. ನಿಜ ಹೇಳಬೇಕೆಂದರೆ ವಿಜ್ಞಾನ ತೆಳು. ಒಬ್ಬ ಸಿನಿಮಾ ತಾರೆಯ ಗಂಭೀರ ದನಿ, ತಂತಿವಾದ್ಯಗಳ ಉಬ್ಬರ, ಕೊನೆಯ ಮೂರು ನಿಮಿಷದಲ್ಲಿ ಭೂಮಿ ಉಳಿಸಿ ಎಂಬ ಮಾತು. ಯಾಕೆ ಹೀಗೆ ಎಂಬುದಕ್ಕೆ ಕಾರಣ ದುಡ್ಡಿನಲ್ಲಿದೆ. ಇಂಥ ಚಿತ್ರವೊಂದು ವರ್ಷಗಟ್ಟಲೆ, ಹತ್ತಾರು ಮ್ಯೂಸಿಯಂಗಳಲ್ಲಿ ಓಡಿದರೆ ಮಾತ್ರ ಹಾಕಿದ ಬಂಡವಾಳ ಬರುತ್ತದೆ. ಹಾಗಾಗಿ ಯಾರನ್ನೂ ನೋಯಿಸುವಂತಿಲ್ಲ, ಏಳು ವರ್ಷದ ಮಗುವಿಗೂ ಎಪ್ಪತ್ತರ ಅಜ್ಜಿಗೂ ಹೊಂದಬೇಕು. ಪ್ರಾಯೋಜಕರ ಹೆಸರನ್ನೂ ಓದಿಕೊಳ್ಳಿ, 'ಟು ಫ್ಲೈ'ಗೆ ಹಣ ಕೊಟ್ಟಿದ್ದು ಕಾನೋಕೋ ಎಂಬ ತೈಲ ಕಂಪನಿ. ಯಾರನ್ನೂ ನೋಯಿಸದಿರುವ ಹಟ ಎಲ್ಲಿಗೆ ಮುಟ್ಟುತ್ತದೆ ಎಂಬುದು 2005ರಲ್ಲಿ ಬಯಲಾಯಿತು. ಆಳಸಮುದ್ರದ ಜ್ವಾಲಾಮುಖಿಗಳ ಬಗ್ಗೆ 2003ರಲ್ಲಿ ಬಂದಿದ್ದ ಒಂದು ಚಿತ್ರಕ್ಕೆ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಮತ್ತು ರಟ್ಗರ್ಸ್ ವಿಶ್ವವಿದ್ಯಾಲಯದ ಬೆಂಬಲವಿತ್ತು. ಭೂಮಿಯ ಮೇಲೆ ಜೀವ ಅಂಥ ಬಿಸಿನೀರಿನ ಬಾಯಿಗಳಲ್ಲಿ ಹುಟ್ಟಿರಬಹುದು ಎಂಬ ಮಾತು ಅದರಲ್ಲಿ ಇದ್ದದ್ದಕ್ಕೆ, ವಿಕಾಸವಾದ ಒಪ್ಪದ ಪ್ರೇಕ್ಷಕರು ಸಿಟ್ಟಾದಾರೆಂದು ಆ ದೇಶದ ದಕ್ಷಿಣ ರಾಜ್ಯಗಳ ಕೆಲವು ಮ್ಯೂಸಿಯಂ ಥಿಯೇಟರುಗಳೇ ಅದನ್ನು ಹಾಕಲು ಹಿಂಜರಿದವು. ಸುದ್ದಿಯಾದ ಮೇಲೆ ಟೆಕ್ಸಾಸ್‌ನ ಫೋರ್ಟ್ ವರ್ತ್ ಮ್ಯೂಸಿಯಂ ತನ್ನ ನಿಲುವು ಬದಲಿಸಿತು. ವಿಜ್ಞಾನ ಮ್ಯೂಸಿಯಂ ವಿಜ್ಞಾನಕ್ಕೆ ಹೆದರಿದ ಪ್ರಸಂಗ ಇದು, ಇದರಲ್ಲಿ ಹಾಸ್ಯವೂ ಇದೆ.

ಮಾಹಿತಿ ಬೇಕೆಂದರೆ ಪುಸ್ತಕ ಓದಿ, ಈ ಚಿತ್ರಗಳಿಂದ ಸಿಗುವುದು ಅಳತೆಯ ಅರಿವು. ನೀಲಿ ತಿಮಿಂಗಿಲ ಬಸ್ಸಿಗಿಂತ ಉದ್ದ ಎಂದು ಓದುವುದೇ ಬೇರೆ, ಅದು ಬಲಗಿವಿಯ ಹತ್ತಿರ ಕಾಣಿಸಿಕೊಂಡು ಎಡಗಿವಿಯ ಹಿಂದೆ ಹೋಗಿ ಮುಗಿಯುವುದೇ ಬೇರೆ.

ಭಾರತದಲ್ಲಿ ಈ ಅನುಭವಕ್ಕೆ ಹೆಸರಾದದ್ದು ಕೋಲ್ಕತ್ತದ ಸೈನ್ಸ್ ಸಿಟಿ. 1997ರಲ್ಲಿ ತೆರೆದ ಅಲ್ಲಿನ ಸ್ಪೇಸ್ ಥಿಯೇಟರಿನದು 23 ಮೀಟರ್ ವ್ಯಾಸದ ವಾಲಿದ ಗುಮ್ಮಟ, ಸ್ಯಾನ್ ಡಿಯಾಗೋದಷ್ಟೇ ದೊಡ್ಡದು. 360 ಸೀಟು, ಮೊದಲಿಗೆ 70 ಮಿ.ಮೀ.ನ ಆಸ್ಟ್ರೋವಿಷನ್ ಪ್ರೊಜೆಕ್ಟರ್, ಈಗ ಡಿಜಿಟಲ್ 3ಡಿ. ನಮ್ಮಲ್ಲಿ ಇದಕ್ಕೆ ಹತ್ತಿರದ್ದು ಮಂಗಳೂರಿನ ಪಿಲಿಕುಳದ ಸ್ವಾಮಿ ವಿವೇಕಾನಂದ ತಾರಾಲಯ. 2018ರ ಮಾರ್ಚ್‌ನಲ್ಲಿ ಶುರುವಾಯಿತು, 18 ಮೀಟರ್ ಗುಮ್ಮಟ, 8ಕೆ, ಬ್ಯಾಟರಿ ಕನ್ನಡಕದ 3ಡಿ. ಮೇಲೆ ಹಾಕಿದ ಲೆಕ್ಕದ ಪ್ರಕಾರ 8ಕೆ ಎಂಬುದು ಗುಮ್ಮಟದಲ್ಲಿ ಬರೀ ಜಾಹೀರಾತಿನ ಮಾತಲ್ಲ. ಅಲ್ಲಿ ಕನ್ನಡದ ಆಟ ಯಾವ ಹೊತ್ತಿಗೆ ಎಂದು ವಿಚಾರಿಸಿ ಅದಕ್ಕೇ ಹೋಗಿ. ತಾರಾಲಯದ ಚಿತ್ರಗಳು ಹೆಚ್ಚಾಗಿ ಕಂಪ್ಯೂಟರಿನಲ್ಲಿ ಕಟ್ಟಿದವು, ಕಾಡು ಕಡಲು ಕಮ್ಮಿ, ಗ್ರಹ ನಕ್ಷತ್ರ ಜಾಸ್ತಿ. ಬೆಂಗಳೂರಿನ ನೆಹರು ತಾರಾಲಯವನ್ನು ಇದೇ ನಿರೀಕ್ಷೆಯಿಂದ ನೋಡಬೇಡಿ. ಅದು ಆಕಾಶ ತೋರಿಸಲು ಕಟ್ಟಿದ ಜಾಗ, ಆ ಕೆಲಸವನ್ನು ಚೆನ್ನಾಗಿ ಮಾಡುತ್ತದೆ.

ಊರಿಂದ ಅಪ್ಪ ಅಮ್ಮನನ್ನು ಅಮೆರಿಕಕ್ಕೆ ಕರೆಸಿಕೊಂಡವರು ಅವರನ್ನು ಗುಮ್ಮಟಕ್ಕೆ ಕರೆದೊಯ್ಯುವ ಮುನ್ನ ಎರಡು ಸಂಗತಿ ನೋಡಬೇಕು. ಮೊದಲನೆಯದು ಮೆಟ್ಟಿಲು. ಸಾಲುಗಳು ಬಹಳ ಕಡಿದು, ಪ್ರತಿ ಸಾಲಿಗೂ ಎತ್ತರದ ಹೆಜ್ಜೆ, ಬೆಳಕು ಮಂದ. ಮಂಡಿನೋವಿದ್ದರೆ ಮೇಲಿನ ಬಾಗಿಲಿನಿಂದ ಬಿಡಲು ಕೇಳಿ, ಸಾಮಾನ್ಯವಾಗಿ ಲಿಫ್ಟ್ ಇರುತ್ತದೆ. ತಡವಾಗಿ ಬಂದವರನ್ನು ಒಳಗೆ ಬಿಡದಿರುವುದೂ ಈ ಮೆಟ್ಟಿಲುಗಳ ಭಯಕ್ಕೇ. ಎರಡನೆಯದು ತಲೆಸುತ್ತು. ಕಣ್ಣಿನ ಅಂಚಿನವರೆಗೂ ಲೋಕ ಓಡುತ್ತಿದೆ ಎಂದು ಕಣ್ಣು ಹೇಳುತ್ತದೆ, ಕೂತಲ್ಲೇ ಕೂತಿದ್ದೀಯ ಎಂದು ಒಳಗಿವಿ ಹೇಳುತ್ತದೆ. ಈ ಜಗಳದಲ್ಲಿ ಹೊಟ್ಟೆ ತೊಳಸುತ್ತದೆ. ಬಸ್ಸಿನ ಘಾಟಿಯಲ್ಲಿ ವಾಂತಿಯಾಗುವವರಿಗೆ ಇಲ್ಲೂ ಆಗುವ ಸಾಧ್ಯತೆ ಹೆಚ್ಚು. ಹಿಂದಿನ ಸಾಲಿನಲ್ಲಿ, ಬಾಗಿಲಿಗೆ ಹತ್ತಿರ ಕೂರಿಸಿ. ಹೊಟ್ಟೆ ಬಿರಿಯುವಂತೆ ಉಂಡು ಬರಬೇಡಿ, ಖಾಲಿ ಹೊಟ್ಟೆಯೂ ಬೇಡ. ಸುತ್ತು ಶುರುವಾದಾಗ ಪಕ್ಕಕ್ಕೆ ತಿರುಗಿದರೆ ಅಲ್ಲೂ ಚಿತ್ರವೇ ಇರುತ್ತದೆ, ತಲೆ ತಿರುಗಿಸಿದಷ್ಟೂ ಜಾಸ್ತಿಯಾಗುತ್ತದೆ. ತಲೆಯನ್ನು ಸೀಟಿಗೆ ಒತ್ತಿ ಹಿಡಿದು ಕಣ್ಣು ಮುಚ್ಚಿ, ಅರ್ಧ ನಿಮಿಷ ಬಿಟ್ಟು ಮುಂದಿನ ಸೀಟಿನ ಬೆನ್ನು ನೋಡುತ್ತಾ ಕಣ್ಣು ಬಿಡಿ. ಹಾರುವ ದೃಶ್ಯ ಯಾವುದೂ ಬಹಳ ಹೊತ್ತು ಇರುವುದಿಲ್ಲ. ಅಷ್ಟರಲ್ಲೂ ಇಳಿಯದಿದ್ದರೆ ಒಬ್ಬರೇ ಎದ್ದು ಕತ್ತಲಲ್ಲಿ ಮೆಟ್ಟಿಲಿಳಿಯುವುದು ಬೇಡ, ಗೋಡೆಯ ಬಳಿ ಟಾರ್ಚ್ ಹಿಡಿದು ನಿಂತವರಿಗೆ ಕೈ ತೋರಿಸಿ, ಅವರೇ ಬಂದು ಕರೆದುಕೊಂಡು ಹೋಗುತ್ತಾರೆ.